ಚಳಿ ಮರೆಯದ ಗಿಡ

"ಬಾಗಿಲು ಬಿಟ್ಟು ಕದಲಬೇಡ ಪುಟ್ಟಿ. ಯಾರು ಕರೆದ್ರೂ ಹೋಗಬೇಡ."

"ಇಲ್ಲೇ ಇರ್ತೀನಿ ಅಕ್ಕ. ಸಂದಿಗೆ ಮರದ ತುಂಡು ಬೇರೆ ಕೊಟ್ಟಿದೀನಿ. ನೀನು ಧೈರ್ಯವಾಗಿ ಹೋಗು."

ಧೈರ್ಯವಾಗಿ ಹೋಗು ಎನ್ನುವವರಿಗೇನು, ಬಾಯಿಮಾತು. ಹೋಗುವವರ ಕಾಲು ಕೇಳಬೇಕಲ್ಲ! ಜಿಗಣೆಯಮ್ಮ ಒಂದು ಕಾಲನ್ನು ಚಳಿಕೋಣೆಯ ಒಳಗಿಟ್ಟು, ಇನ್ನೊಂದನ್ನು ಹೊಸ್ತಿಲ ಆಚೆಯೇ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು.

ಅವಳು ವಿಮೆ ಕಂಪನಿಯ ತನಿಖೆಗಾರ್ತಿ. ಸುಟ್ಟ ಗೋದಾಮು, ಮಗುಚಿದ ಲಾರಿ, ಕುಸಿದ ಗೋಡೆ, ಎಲ್ಲವನ್ನೂ ಕೆದಕಿ ನೋಡಿದವಳು. ಹಿಡಿದದ್ದನ್ನು ಬಿಡುವವಳಲ್ಲ ಎಂದು ಆಫೀಸಿನವರು ಇಟ್ಟ ಅಡ್ಡಹೆಸರು ಜಿಗಣೆಯಮ್ಮ. ಅದನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು. ಆದರೆ ಈ ಕೋಣೆಯ ಹೊಸ್ತಿಲು ದಾಟುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ.

ಕಾರಣ ಬಾಗಿಲ ಒಳಮೈಯಲ್ಲೇ ಇತ್ತು. ಒಳಗಿದ್ದವರು ಒತ್ತಿ ತೆರೆಯಬೇಕಾದ ಹಿಡಿಯ ಜಾಗದಲ್ಲಿ ಈಗ ಬರೀ ತೂತು. ಕೆಟ್ಟಿದ್ದ ಹಿಡಿಯನ್ನು ಪರೀಕ್ಷೆಗೆಂದು ಪೊಲೀಸರು ಬಿಚ್ಚಿಕೊಂಡು ಹೋಗಿದ್ದರು. ಬಾಗಿಲು ಮುಚ್ಚಿಕೊಂಡಿತೋ, ಒಳಗಿನಿಂದ ಯಾರ ಕೈಯಲ್ಲೂ ತೆರೆಯಲಾಗದು.

ಇದೇ ಕೋಣೆಯಲ್ಲಿ ಹೋದ ತಿಂಗಳು ಈ ಸಸ್ಯ ಸಂಶೋಧನಾ ಕೇಂದ್ರದ ಮುಖ್ಯಸ್ಥರು, ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದವರು, ಚಳಿಗೆ ಸೆಟೆದು ಹೆಣವಾಗಿದ್ದರು. ಒಳಗೆ ಜನ ಇದ್ದಾರೋ ಇಲ್ಲವೋ ನೋಡದೆ ತಂಪು ಮಾಡುವ ಯಂತ್ರ ಚಾಲೂ ಮಾಡಿದವಳು ಎಂಬ ಆಪಾದನೆ ಇಲ್ಲೇ ಕೆಲಸ ಮಾಡುವ ಪುಟ್ಟಿಯ ತಲೆಗೆ ಬಂದಿತ್ತು. ಸಂಜೆ ಇನ್‌ಸ್ಪೆಕ್ಟರ್ ಬರುವವನಿದ್ದ. ಅಷ್ಟರೊಳಗೆ ಬೇರೆಯದೇ ಕಥೆ ಅವನ ಮುಂದಿಡದಿದ್ದರೆ ಪುಟ್ಟಿ ಅವನ ಜೀಪು ಹತ್ತಬೇಕು.

ಪುಟ್ಟಿ ಅವಳಿಗೆ ಬರೀ ತಂಗಿಯಲ್ಲ. ಅಮ್ಮ ತೀರಿಕೊಂಡಾಗ ಸೊಂಟದ ಮೇಲಿದ್ದ ಕೂಸು. ಜಡೆ ಹಾಕಿದ್ದು, ಮಗ್ಗಿ ಕಲಿಸಿದ್ದು, ಜ್ವರ ಬಂದಾಗ ಎದ್ದು ಕೂತಿದ್ದು ಎಲ್ಲ ಅಕ್ಕನೇ. ಆ ಹುಡುಗಿಗೆ ಚಿಕ್ಕಂದಿನಿಂದಲೂ ಗಿಡದ ಹುಚ್ಚು. ಯಾರೋ ಕಿತ್ತು ಬಿಸಾಕಿದ ಗಿಡವನ್ನು ತಂದು, ಒಡೆದ ಚೊಂಬಿನಲ್ಲಿ ನೆಟ್ಟು, "ಇದು ಸತ್ತಿಲ್ಲ ಅಕ್ಕ, ಕಾದು ನೋಡೋಣ" ಎಂದು ಜಗಲಿಯಲ್ಲಿ ಕಾಯುತ್ತ ಕೂರುತ್ತಿದ್ದಳು.

ಅಂಥವಳು ಒಬ್ಬ ಮನುಷ್ಯನ ಜೀವ ತೆಗೆದಳೆಂದರೆ ನಂಬುವುದು ಹೇಗೆ? ಜಿಗಣೆಯಮ್ಮ ಇನ್ನೊಂದು ಕಾಲನ್ನೂ ಒಳಗೆ ತಂದಳು.

ಚಳಿ ಮೊದಲು ಹಿಡಿದದ್ದು ಮೂಗಿನ ತುದಿಯನ್ನು. ಆಮೇಲೆ ಹಲ್ಲು. ಮೈಗೆ ಮಾತ್ರ ತಾಕಲಿಲ್ಲ. ಬಾಗಿಲ ಬಳಿ ಪುಟ್ಟಿಯೇ ಅವಳಿಗೊಂದು ದಪ್ಪ ಕೋಟು ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿ, "ಹೂಂ, ಈಗ ಸರಿ" ಎಂದು ಕೆನ್ನೆ ತಟ್ಟಿ ಕಳಿಸಿದ್ದಳು. ಕೋಟು ದೊಗಳೆಯಾಗಿತ್ತು, ತೋಳು ಬೆರಳುಗಳನ್ನೂ ನುಂಗಿತ್ತು. ಕಪ್ಪು ಗುಂಡಿಗಳ ನಡುವೆ ಒಂದು ಮಾತ್ರ ಕೆಂಪಗೆ ಎದ್ದು ಕಾಣುತ್ತಿತ್ತು.

ಕೋಣೆಯ ಎರಡೂ ಬದಿಗೆ ಕಬ್ಬಿಣದ ಹಲಗೆಗಳು, ಹಲಗೆಯ ತುಂಬ ಹೊಸದಾಗಿ ತಂದಿಟ್ಟ ಪುಟ್ಟ ಕುಂಡಗಳು. ಒಂದೊಂದರಲ್ಲೂ ಮೆಂತ್ಯದಂಥ ಮೂರೆಲೆಯ ಗಿಡ. ಮೇಲೆ ಫ್ಯಾನು ಗುಂಯ್ ಎನ್ನುತ್ತಿತ್ತು. ಎದುರು ಗೋಡೆಯಲ್ಲಿ ಕೋಣೆಯ ಶಾಖ ತೋರಿಸುವ ಅಂಕಿ: ನಾಲ್ಕು ಡಿಗ್ರಿ. ಅದರ ಪಕ್ಕದಲ್ಲಿ ಅಂಗೈ ಅಗಲದ ಸ್ಪೀಕರ್. ಹೊರಗಿನವರು ಆಡಿದ್ದು ಅದರಲ್ಲಿ ಒಳಗೆ ಕೇಳುತ್ತದೆ. ಒಳಗಿನವರು ಕೂಗಿದ್ದನ್ನು ಅದು ಹೊರಗೆ ಮುಟ್ಟಿಸುವುದಿಲ್ಲ. ದೊಡ್ಡ ಮೇಷ್ಟ್ರು ಎಷ್ಟು ಕೂಗಿದ್ದರೋ ಏನೋ.

"ಏನ್ ಮೇಡಂ, ಮಾತಾಡೋಕೆ ಬೇರೆ ಜಾಗಾನೇ ಸಿಗಲಿಲ್ವಾ?"

ಬಾಗಿಲ ಸಂದಿಯಿಂದ ಓರೆಯಾಗಿ ನುಸುಳಿ ಬಂದವರು ಚಿಕ್ಕ ಮೇಷ್ಟ್ರು. ದೊಡ್ಡವರು ಹೋದ ಮೇಲೆ ಅವರ ಕುರ್ಚಿಯಲ್ಲಿ ಕೂತವರು. ಅರ್ಧ ತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

"ಕೋಟು ಹಾಕ್ಕೊಂಡು ಬರಬಾರದಾ ಮೇಷ್ಟ್ರೇ?"

"ಗೂಟದಲ್ಲಿ ಒಂದೂ ಇಲ್ಲ. ಎಲ್ಲಾ ಒಗೆಯೋಕೆ ಹೋಗಿದೆಯಂತೆ, ನಿಮ್ಮ ತಂಗಿ ಹೇಳಿದ್ಲು. ಬೇಗ ಮುಗಿಸಿ, ನನಗೆ ಮೊದಲೇ ನೆಗಡಿ."

ಇಲ್ಲಿಗೇ ಕರೆಸು ಎಂದು ಉಪಾಯ ಹೇಳಿಕೊಟ್ಟವಳೂ ಪುಟ್ಟಿಯೇ. ಆ ಜಾಗದಲ್ಲೇ ನಿಲ್ಲಿಸಿ ಕೇಳಿದ್ರೆ ಬಾಯಿ ಬಿಡ್ತಾರೆ ಅಕ್ಕ ಎಂದಿದ್ದಳು. ಉಪಾಯ ಚೆನ್ನಾಗಿದೆ ಎಂದು ಜಿಗಣೆಯಮ್ಮನಿಗೂ ಅನಿಸಿತ್ತು. ಚಳಿಯಲ್ಲಿ ನಡುಗುತ್ತ ಸುಳ್ಳು ಹೆಣೆಯುವುದು ಯಾರಿಗೂ ಸುಲಭವಲ್ಲ.

ಅವಳು ಕೈಚೀಲದಿಂದ ಒಂದು ಕುಂಡ ತೆಗೆದು ಹಲಗೆಯ ಮೇಲಿಟ್ಟಳು. ಮೋಟಾಗಿ ಕತ್ತರಿಸಿದ ಬುಡ. ಆ ಬುಡದ ಸುತ್ತ ಹಸಿರು ಚಿಗುರು ತಲೆ ಎತ್ತಿತ್ತು.

"ಇದೇನು ಹೇಳಿ ಮೇಷ್ಟ್ರೇ."

"ಇದೇನು ಪ್ರಶ್ನೆ! ಕುದುರೆ ಮಸಾಲೆ."

"ನಾನು ಮೊದಲ ಸಲ ಆ ಹೆಸರು ಕೇಳಿದಾಗ ಯಾವುದೋ ಅಡುಗೆಪುಡಿ ಅಂದ್ಕೊಂಡಿದ್ದೆ. ದನ, ಕುದುರೆ ತಿನ್ನೋ ಮೇವು ಅಂತ ಆಮೇಲೆ ಗೊತ್ತಾಯ್ತು. ಇದಕ್ಕೆ ಚಳಿ ತಡೆಯೋ ಶಕ್ತಿ ಎಲ್ಲಿಂದ ಬರುತ್ತೆ? ನನ್ನಂಥ ದಡ್ಡಿಗೆ ಅರ್ಥ ಆಗೋ ಹಾಗೆ ಹೇಳಿ."

ಮೇಷ್ಟ್ರಾದವರಿಗೆ ಪಾಠ ಹೇಳು ಎಂದರೆ ಚಳಿಯೂ ಮರೆತುಹೋಗುತ್ತದೆ. ಚಿಕ್ಕ ಮೇಷ್ಟ್ರ ಒಂದು ಕೈ ಕಂಕುಳಿನಿಂದ ತಾನಾಗಿ ಹೊರಬಂತು.

"ಚಳಿ ಮೆಲ್ಲಗೆ ಬಂದ್ರೆ ಗಿಡಕ್ಕೆ ಸುಳಿವು ಸಿಗುತ್ತೆ. ಬೆಳೆಯೋದು ನಿಲ್ಲಿಸಿ ಬೇರೆ ಥರದ ಪ್ರೋಟೀನುಗಳನ್ನ ಮಾಡೋಕೆ ಶುರು ಮಾಡುತ್ತೆ. ಬುಡದಲ್ಲಿ, ಬೇರಲ್ಲಿ ತುಂಬಿಸಿಡುತ್ತೆ. ನೀರು ಹೆಪ್ಪುಗಟ್ಟಿದಾಗ ಜೀವಕೋಶ ಒಣಗಿ ಹರಿದುಹೋಗದ ಹಾಗೆ ಅವು ಕಾಯ್ತವೆ. ಒಂದೆರಡು ದಿನದ ಕೆಲಸ ಅಲ್ಲ, ವಾರಗಟ್ಟಲೆ ಬೇಕು. ನಾವು ಅದನ್ನ ಹದ ಮಾಡೋದು ಅಂತೀವಿ."

"ಹದ ಆದ ಗಿಡವನ್ನ ಮತ್ತೆ ಬೆಚ್ಚಗಿಟ್ರೆ?"

"ಕಾವಲಿಗೆ ಇಟ್ಟಿದ್ದನ್ನೆಲ್ಲ ಕರಗಿಸಿಕೊಂಡು ಚಿಗುರೋಕೆ ಹೊರಡುತ್ತೆ. ಆಮೇಲೆ ದಿಢೀರ್ ಅಂತ ಮಂಜುಗಡ್ಡೆ ಚಳಿ ಬಂತೋ, ಮುಗೀತು. ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಾಗಿ ಕೊಳೆತುಹೋಗುತ್ತೆ."

"ಸರಿ. ಈಗ ನೀವು ಪೊಲೀಸರಿಗೆ ಹೇಳಿದ್ದು ನೆನಪು ಮಾಡ್ಕೊಳ್ಳಿ." ಜಿಗಣೆಯಮ್ಮನ ಧ್ವನಿ ಸಣ್ಣಗಾಯಿತು. ಆಫೀಸಿನಲ್ಲಿ ಈ ಧ್ವನಿ ಕೇಳಿದರೆ ಗುಮಾಸ್ತರು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಯಂತ್ರ ಕೆಟ್ಟು ವಾರಗಟ್ಟಲೆ ಆಗಿತ್ತು, ಈ ಕೋಣೆ ಬೇರೆ ಕೋಣೆಗಳ ಥರಾನೇ ಬೆಚ್ಚಗಿತ್ತು. ಅದಕ್ಕೇ ದೊಡ್ಡ ಮೇಷ್ಟ್ರು ಬರೀ ಅಂಗೀಲಿ ಒಳಗೆ ಬಂದ್ರು. ಆಗ ರಿಪೇರಿ ಆಯ್ತು ಅಂತ ಪುಟ್ಟಿ ನೋಡದೆ ಸ್ವಿಚ್ ಒತ್ತಿದ್ಲು, ಬಾಗಿಲು ಕಚ್ಚಿಕೊಳ್ತು. ಹೀಗೇ ತಾನೇ ಹೇಳಿದ್ದು?"

"ಹೌದು. ಅದರಲ್ಲೇನು ತಪ್ಪು?"

"ಈ ಗಿಡ ಅವತ್ತು ಇದೇ ಕೋಣೇಲಿತ್ತು. ಅವರ ಹೆಣದ ಪಕ್ಕದ ಹಲಗೆ ಮೇಲೆ."

ಚಿಕ್ಕ ಮೇಷ್ಟ್ರು ಕನ್ನಡಕ ಮೇಲಕ್ಕೆ ತಳ್ಳಿ ಕುಂಡದ ಮೇಲೆ ಬಗ್ಗಿದರು. ಚಿಗುರನ್ನು ಬೆರಳಿನಿಂದ ಮುಟ್ಟಿದರು. ಮುಟ್ಟಿದ ಬೆರಳು ಅಲ್ಲೇ ನಿಂತಿತು.

"ಇಲ್ಲಿನ ಗಿಡಗಳನ್ನೆಲ್ಲ ತಿಪ್ಪೆಗೆ ಹಾಕಿಸಿದ್ರಲ್ಲ ಪೊಲೀಸರು?"

"ಹಾಕಿಸೋಕೆ ಹೇಳಿದ್ರು. ಹೊತ್ತು ಹಾಕೋ ಕೆಲಸ ಪುಟ್ಟಿಗೆ ಬಂತು. ನಿಮ್ಮವರ ಪದ್ಧತಿ ನಿಮಗೇ ಗೊತ್ತಲ್ಲ? ಚಳಿ ತಿಂದ ಗಿಡವನ್ನ ಯಾವತ್ತೂ ತಕ್ಷಣ ಸತ್ತಿದೆ ಅನ್ನೋದಿಲ್ಲ. ಎಲೆ ಕತ್ತರಿಸಿ, ಬೆಚ್ಚನೆ ಗಾಜಿನ ಮನೇಲಿಟ್ಟು, ಬುಡ ಚಿಗುರುತ್ತೋ ಇಲ್ವೋ ಅಂತ ಕಾಯ್ತೀರಿ. ಅವಳೂ ಅಳುತ್ತಾ ಅಳುತ್ತಾ ಅದನ್ನೇ ಮಾಡಿದ್ಲಂತೆ. ಕೈಗೆ ಅಭ್ಯಾಸ. ಹೋದ ವಾರ ನಾನು ಗಾಜಿನ ಮನೆಗೆ ಹೋದಾಗ ಒಂದು ಸಾಲಿಗೆ ಸಾಲೇ ಚಿಗುರಿತ್ತು. ಅವತ್ತಿನ ಚೀಟಿ ಇನ್ನೂ ಕುಂಡಕ್ಕೇ ಅಂಟಿಕೊಂಡಿತ್ತು."

"ಒಂದು ಗಿಡ ಚಿಗುರಿದ ಮಾತ್ರಕ್ಕೆ..."

"ನೀವು ಹಾಗಂತೀರಿ ಅಂತ ಗೊತ್ತಿತ್ತು. ಪೊಲೀಸರು ಸಾಕ್ಷಿ ಅಂತ ಒಂದು ಕುಂಡವನ್ನ ಅವತ್ತೇ ಹೆಪ್ಪುಗಟ್ಟಿದ ಹಾಗೇ ಎತ್ತಿಟ್ಟಿದ್ರು. ಅವರನ್ನ ಕೇಳಿ ಅದರ ಬುಡದ ಚೂರನ್ನ ಹೊರಗಿನ ಲ್ಯಾಬಿಗೆ ಕಳಿಸಿದ್ದೆ." ಅವಳು ಕೋಟಿನೊಳಗೆ ಕೈ ತೂರಿಸಿ ಒಂದು ಫೋಟೋ ತೆಗೆದಳು. ಬೂದು ಬಣ್ಣದ ಹಾಳೆ, ಅದರ ಮೇಲೆ ಅಡ್ಡಡ್ಡ ಗೆರೆಗಳು, ಪ್ರೋಟೀನಿಗೊಂದು ಗೆರೆ. ಒಂದು ಗೆರೆ ಮಾತ್ರ ಕಾಡಿಗೆ ತೀಡಿದಂತೆ ದಪ್ಪಗಿತ್ತು. "ಈ ಗೆರೆ ಯಾವುದು ಅಂತ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಚಿಕ್ಕ ಮೇಷ್ಟ್ರ ಮುಖದಲ್ಲಿದ್ದ ಬಣ್ಣ ಇಳಿದುಹೋಗಿತ್ತು. ಅದು ಚಳಿಯಿಂದಲೋ ಭಯದಿಂದಲೋ ಅವಳಿಗೆ ತಿಳಿಯಲಿಲ್ಲ.

"ಚಳಿ ಪ್ರೋಟೀನು," ಎಂದರು ಮೆಲ್ಲಗೆ. "ಇಷ್ಟು ದಪ್ಪ ಗೆರೆ ಬಂದಿದೆ ಅಂದ್ರೆ ಗಿಡ ಪೂರ್ತಿ ಹದವಾಗಿತ್ತು."

"ಹದ ಆಗೋಕೆ ವಾರಗಟ್ಟಲೆ ತಂಪು ಬೇಕು ಅಂತ ಈಗ ತಾನೇ ಪಾಠ ಹೇಳಿದ್ರಿ. ಅಂದ್ಮೇಲೆ ಯಂತ್ರ ಕೆಟ್ಟಿರಲೇ ಇಲ್ಲ. ಈ ಕೋಣೆ ಒಂದು ದಿನವೂ ಬೆಚ್ಚಗಿರಲಿಲ್ಲ. ಇಷ್ಟು ಚಳಿ ಇರೋ ಕೋಣೆಗೆ ಆ ವಯಸ್ಸಾದ ಮನುಷ್ಯ ಬರೀ ಅಂಗೀಲಿ ಯಾಕೆ ಬರ್ತಾರೆ? ಅವರು ಕೋಟು ಹಾಕ್ಕೊಂಡೇ ಬಂದಿದ್ರು ಮೇಷ್ಟ್ರೇ. ಯಾರೋ ಏನೋ ನೆವ ಹೇಳಿ ಅದನ್ನ ಬಿಚ್ಚಿಸ್ಕೊಂಡ್ರು. ಆಮೇಲೆ ಬಾಗಿಲು ಹಾಕಿ, ಯಂತ್ರವನ್ನ ಇನ್ನೂ ಕೆಳಕ್ಕೆ ಇಳಿಸಿದ್ರು. ಇದು ಕೈತಪ್ಪು ಅಲ್ಲ, ಕೊಲೆ. ಆ ಕೋಟು ಯಾರ ಹತ್ರ ಇದೆಯೋ ಅವರೇ ಕೊಲೆಗಾರರು. ಹೇಳಿ, ಅವರ ಕೋಟು ಎಲ್ಲಿಟ್ಟಿದೀರಿ?"

ಒಳಗಿನಿಂದ ತೆರೆಯಲಾಗದ ಕೋಣೆಯಲ್ಲಿ ಕೊಲೆಗಾರನೊಬ್ಬನ ಎದುರು ನಿಂತು, ನೀನೇ ಕೊಲೆಗಾರ ಎಂದಿದ್ದಳು. ಬಾಗಿಲ ಸಂದಿಯ ಬೆಳಕಿನ ಗೆರೆಯತ್ತ ಒಮ್ಮೆ ಕಣ್ಣು ಹಾಯಿಸಿದಳು. ಪುಟ್ಟಿಯ ಚಪ್ಪಲಿ ಕಾಣುತ್ತಿತ್ತು. ಸದ್ಯ, ಮಗು ಅಲ್ಲೇ ಇದೆ.

ಚಿಕ್ಕ ಮೇಷ್ಟ್ರು ಮೈಮೇಲೆ ಬೀಳಲಿಲ್ಲ, ಕೂಗಾಡಲಿಲ್ಲ. ಹಲಗೆಗೆ ಕೈಕೊಟ್ಟು ನಿಂತರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

"ಯಂತ್ರ ಕೆಟ್ಟಿದೆ ಅಂತ ನಾನು ಹೇಳಿದ್ದು ನಿಜ ಮೇಡಂ. ಆದ್ರೆ ನಾನು ಬಂದು ನೋಡಿರಲಿಲ್ಲ."

"ನೋಡದೇ ಪೊಲೀಸರ ಮುಂದೆ ಹೇಳಿದ್ರಾ?"

"ಈ ಕೋಣೆ ಉಸ್ತುವಾರಿ ನಂದಲ್ಲ. ಉಸ್ತುವಾರಿ ಯಾರದೋ ಅವರೇ ಬಂದು, ಸರ್, ಯಂತ್ರ ಕೆಟ್ಟಿದೆ, ರಿಪೇರಿಯವರಿಗೆ ಹೇಳಿದೀನಿ, ಅಲ್ಲೀವರೆಗೆ ಯಾರನ್ನೂ ಕಳಿಸಬೇಡಿ ಅಂದ್ರು. ನಂಬಿದೆ. ಯಾಕೆ ನಂಬಬಾರದು? ಇಷ್ಟು ವರ್ಷದಲ್ಲಿ ಒಂದು ಸುಳ್ಳು ಹೇಳಿದವಳಲ್ಲ."

'ಹೇಳಿದವಳಲ್ಲ' ಎಂದದ್ದು ಜಿಗಣೆಯಮ್ಮನ ಕಿವಿಗೆ ಬಿತ್ತು. ಆದರೆ ಮನಸ್ಸು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಯಾರು?" ಎಂದಳು. ಕೇಳಬಾರದಿತ್ತು ಅನಿಸಿತು.

"ನಿಮ್ಮ ತಂಗಿ."

ಫ್ಯಾನು ಗುಂಯ್‌ಗುಡುತ್ತಲೇ ಇತ್ತು. ಹೊರಗೆ ಸಂದಿಯ ಬೆಳಕಿನಲ್ಲಿ ಚಪ್ಪಲಿ ಒಂದಿಷ್ಟೂ ಅಲುಗಲಿಲ್ಲ.

"ಸುಳ್ಳು! ನಿಮ್ಮ ತಲೆ ಮೇಲೆ ಬಂದಿದ್ದನ್ನ ಆ ಹುಡುಗಿ ತಲೆಗೆ ಕಟ್ತಿದೀರಿ."

"ಸುಳ್ಳೇ ಆಗಲಿ ಅಂತ ನಾನೂ ಬೇಡ್ಕೊಳ್ತೀನಿ. ಒಂದು ವಿಷಯ ಯೋಚನೆ ಮಾಡಿ. ಕೈತಪ್ಪಿನಿಂದ ಆದ ಸಾವಿಗೆ ಸಣ್ಣ ಶಿಕ್ಷೆ, ಕೊಲೆಗೆ ಅಲ್ಲ. ಸ್ವಿಚ್ ಒತ್ತಿದ್ದು ನಾನೇ ಅಂತ ಅವಳು ತಾನಾಗಿ ಹೋಗಿ ಒಪ್ಪಿಕೊಂಡ್ಲು, ನೆನಪಿದೆಯಾ? ಅಷ್ಟು ಚೆನ್ನಾಗಿ ಹೊಂದಿಸಿದ್ದ ಕಥೇನ ಇವತ್ತು ನೀವು ನಿಮ್ಮ ಕೈಯಾರೆ ಹರಿದು ಹಾಕಿದ್ರಿ." ಅವರು ಕುಂಡದ ಕಡೆ ನೋಡಿದರು. "ಅವಳು ಮಾಡಿದ್ದು ಒಂದೇ ಎಡವಟ್ಟು. ಗಿಡ ತಿಪ್ಪೆಗೆ ಹಾಕೋಕೆ ಅವಳಿಗೆ ಕೈ ಬರಲಿಲ್ಲ. ನಮ್ಮವರಲ್ಲಿ ಯಾರಿಗೂ ಬರ್ತಿರಲಿಲ್ಲ ಬಿಡಿ."

ಇದು ಸತ್ತಿಲ್ಲ ಅಕ್ಕ, ಕಾದು ನೋಡೋಣ. ಒಡೆದ ಚೊಂಬು, ಜಗಲಿ, ಮಂಡಿ ಮಡಚಿ ಕೂತ ಪುಟ್ಟ ಹುಡುಗಿ, ಎಲ್ಲ ಕಣ್ಣ ಮುಂದೆ ಬಂತು. ಜಿಗಣೆಯಮ್ಮನಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಯಾಕೆ? ಅವಳು ಯಾಕೆ ಮಾಡ್ತಾಳೆ? ದೊಡ್ಡ ಮೇಷ್ಟ್ರು ಅಂದ್ರೆ ಅವಳಿಗೆ ಅಪ್ಪನ ಸಮಾನ."

"ಅವಳು ಓದು ಮುಗಿಸಿ ಬಂದಾಗಿಂದ ಸಾಕಿದ ಗಿಡಗಳನ್ನೆಲ್ಲ ಕಿತ್ತು ಸುಡಿ ಅಂತ ಅವರು ಹೇಳಿದ್ರು. ಜಾಗ ಬೇಕಿತ್ತು, ಬೇರೆ ತಳಿ ಬೆಳೆಸೋಕೆ. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. 'ಆಯ್ತು ಸರ್' ಅಂದ್ಲು. ನನಗೆ ಅವತ್ತೇ ಅದು ಸರಿ ಕಾಣಲಿಲ್ಲ."

"ಇವೆಲ್ಲ ಬಾಯಿಮಾತು. ಸಾಕ್ಷಿ ಎಲ್ಲಿ? ಕೋಟು ಎಲ್ಲಿ?" ಅವಳು ಹೆಚ್ಚುಕಡಿಮೆ ಕಿರುಚಿದಳು. "ಕೋಟು ತೋರಿಸಿ, ಆಗ ನಂಬ್ತೀನಿ!"

ಚಿಕ್ಕ ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು. ಅಷ್ಟರಲ್ಲೇ ಅವರ ಕಣ್ಣು ಅವಳ ಮುಖದಿಂದ ಕೆಳಗಿಳಿದು ಎದೆಯ ಬಳಿ ನಿಂತಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬೆನ್ನು ಹಲಗೆಗೆ ಬಡಿದು ಕುಂಡಗಳು ಗಲಗಲ ಎಂದವು.

"ಮೇಡಂ, ಈ ಕೋಟು ನಿಮಗೆ ಎಲ್ಲಿ ಸಿಕ್ತು?"

"ಇದಾ? ಪುಟ್ಟಿ ಕೊಟ್ಲು. ಇಲ್ಲೇ, ಗೂಟದಿಂದ..." ಎಂದವಳು ತಡೆದಳು. ಗೂಟದಲ್ಲಿ ಒಂದೂ ಇಲ್ಲ ಎಂದು ಚಿಕ್ಕ ಮೇಷ್ಟ್ರು ಆಗಲೇ ಹೇಳಿದ್ದರು. ಪುಟ್ಟಿ ಇದನ್ನು ಗೂಟದಿಂದ ತೆಗೆದದ್ದನ್ನು ಅವಳು ನೋಡಿಯೂ ಇರಲಿಲ್ಲ. ಪುಟ್ಟಿ ಅದನ್ನು ತನ್ನ ಚೀಲದಿಂದ ತೆಗೆದಿದ್ದಳು.

"ಆ ಕೆಂಪು ಗುಂಡಿ," ಎಂದರು ಚಿಕ್ಕ ಮೇಷ್ಟ್ರು. "ದೊಡ್ಡ ಮೇಷ್ಟ್ರ ಕೋಟಿನ ಗುಂಡಿ ಬಿದ್ದುಹೋದಾಗ ಅವರ ಮೊಮ್ಮಗಳು ತನ್ನ ಫ್ರಾಕಿನ ಗುಂಡಿ ಕಿತ್ತು ಕೊಟ್ಟಿದ್ಲು. ಅದನ್ನ ಹೊಲಿಸ್ಕೊಂಡು ಬಂದು ಊರಿಗೆಲ್ಲ ತೋರಿಸಿದ್ರು. ಬೇರೆ ಯಾರೂ ಆ ಕೋಟು ಮುಟ್ಟೋ ಹಾಗಿರಲಿಲ್ಲ. ಅವರು ಹೋದ ಮೇಲೆ ಕಾಣಲಿಲ್ಲ, ಮನೆಯವರು ತಗೊಂಡು ಹೋಗಿರಬೇಕು ಅಂದ್ಕೊಂಡಿದ್ದೆ."

ಜಿಗಣೆಯಮ್ಮ ತಲೆ ಬಗ್ಗಿಸಿ ನೋಡಿಕೊಂಡಳು. ಕೆಂಪು ಗುಂಡಿಯ ಮೇಲೆ ಬಿಳಿ ಚುಕ್ಕೆಯ ಹೂವೊಂದಿತ್ತು. ಮಕ್ಕಳ ಫ್ರಾಕಿಗೆ ಹಾಕುವಂಥದೇ. ಮೈ ಬೆಚ್ಚಗೇ ಇತ್ತು. ಆದರೂ ಬೆನ್ನಹುರಿಯ ಉದ್ದಕ್ಕೂ ನೀರು ಸುರಿದಂತಾಯಿತು. ಸತ್ತವರ ಕೋಟನ್ನು ಅವಳ ಕತ್ತಿನವರೆಗೂ ಗುಂಡಿ ಹಾಕಿ ತೊಡಿಸಿದ್ದು ಪುಟ್ಟಿಯ ಕೈ. ಕೆನ್ನೆ ತಟ್ಟಿದ್ದೂ ಅದೇ ಕೈ.

ಯಾಕೆ ತೊಡಿಸಿದಳು? ತನಗೆ ಚಳಿಯಾದೀತು ಎಂದು. ಚಿಕ್ಕ ಮೇಷ್ಟ್ರಿಗೆ ಯಾಕೆ ಒಂದೂ ಸಿಗದಂತೆ ಮಾಡಿದಳು?

ಯಂತ್ರದ ಸುಳ್ಳು ಯಾರದೆಂದು ಬಲ್ಲವರು ಅವರೊಬ್ಬರೇ ಎಂಬ ಉತ್ತರ ಹೊಳೆದದ್ದೇ ಅವಳು ಬಾಗಿಲತ್ತ ಓಡಿದಳು. "ಪುಟ್ಟಿ!"

ಬೆಳಕಿನ ಗೆರೆಯಲ್ಲಿ ಚಪ್ಪಲಿ ಇರಲಿಲ್ಲ. ಮರದ ತುಂಡು ಸರ್ ಎಂದು ಆಚೆಗೆ ಜಾರಿತು. ದಪ್ಪನೆಯ ಬಾಗಿಲು ಆತುರವಿಲ್ಲದೆ ಬಂದು, ಚೌಕಟ್ಟಿಗೆ ಕೂತು, ಕ್ಲಿಕ್ ಎಂದಿತು.

ಅವಳು ಬಾಗಿಲಿಗೆ ಗುದ್ದಿದಳು, ಭುಜ ಕೊಟ್ಟಳು, ಹಿಡಿಯಿದ್ದ ತೂತಿಗೆ ಬೆರಳು ತೂರಿಸಿ ಎಳೆದಳು. ಬೆರಳ ಚರ್ಮ ಕಿತ್ತುಬಂತೇ ಹೊರತು ಬಾಗಿಲು ಜಗ್ಗಲಿಲ್ಲ.

ಮೇಲೆ ಫ್ಯಾನಿನ ಸದ್ದು ಬದಲಾಯಿತು. ಗುಂಯ್ ಎನ್ನುತ್ತಿದ್ದದ್ದು ಈಗ ಬೋರ್ಗರೆಯುತ್ತಿತ್ತು. ಗೋಡೆಯ ಅಂಕಿ ಮೂರಾಯಿತು. ಅವಳು ನೋಡುತ್ತಿದ್ದಂತೆಯೇ ಎರಡಾಯಿತು.

"ಮೇಡಂ," ಎಂದರು ಚಿಕ್ಕ ಮೇಷ್ಟ್ರು. ಅರ್ಧ ತೋಳಿನ ಅಂಗಿಯಲ್ಲಿ ಅವರು ಮುದುಡಿ ಕೂತಿದ್ದರು. ತುಟಿ ಆಗಲೇ ನೀಲಿಗಟ್ಟುತ್ತಿತ್ತು. "ಆ ಕೋಟು... ಇಬ್ಬರೂ ಸ್ವಲ್ಪ ಸ್ವಲ್ಪ ಹೊತ್ತು..."

ಜಿಗಣೆಯಮ್ಮ ಅವರನ್ನು ನೋಡಿದಳು. ಇಷ್ಟು ಹೊತ್ತು ಕೊಲೆಗಾರನೆಂದು ಹೆದರಿದ್ದು ಈ ಮನುಷ್ಯನಿಗೆ. ಅವಳು ಕತ್ತಿನ ಗುಂಡಿ ಬಿಚ್ಚಿದಳು. ಅದರ ಕೆಳಗಿನ ಕೆಂಪು ಗುಂಡಿಗೆ ಬೆರಳು ಹೋಗುವಷ್ಟರಲ್ಲಿ ಸ್ಪೀಕರ್ ಕರಕರ ಎಂದಿತು.

ಒಳಗೆ ಬಂದದ್ದು ಅವಳೇ ಮಾತು ಕಲಿಸಿದ ಧ್ವನಿ. ಅದು ಅಳುತ್ತಿತ್ತು.

"ಅಕ್ಕಾ, ನಿನ್ನ ದಮ್ಮಯ್ಯ, ಅವರು ಎಷ್ಟೇ ಬೇಡ್ಕೊಂಡ್ರೂ ಆ ಕೋಟು ಮಾತ್ರ ಬಿಚ್ಚಬೇಡ."